ತಂಗಡಿ ಗಿಡ ಮನೆ ಮುಂದೆ ಬ್ಯಾಡ ಅಂದ ಅಪ್ಪ



ಇದು ಸ್ವಲ್ಪ ಉದ್ದದ ಬರಹ. ಹೋರಾಟ, ಧರಣಿ, ಮನವಿಪತ್ರ ಅಂತ ಬರೀತಿದ್ದವನು ಇದೇನು ಗಿಡದ ಬಗ್ಗೆ ಶುರು ಮಾಡಿದ ಅಂತ ಕೆಲವರಿಗೆ ಅನ್ನಿಸಬಹುದು. ಕೊನೆವರೆಗೂ ಓದಿ, ಆಮೇಲೆ ಬೈಯಿರಿ.

ಹೋದ ವರ್ಷ ನಮ್ಮ ಮನೆ ಮುಗೀತು. ಕೈಲಾಂಚ ಹೋಬಳಿಯ ನಮ್ಮೂರಿನ ಕಾಲೋನಿಯಲ್ಲಿ ಅಪ್ಪನ ಹೆಸರಿಗೆ ಬಂದಿದ್ದ ಸೈಟು. ಇಪ್ಪತ್ತು ವರ್ಷ ಶೀಟಿನ ಮನೇಲೇ ಇದ್ದು, ಚೀಟಿ ಹಾಕಿ, ಸಾಲ ಮಾಡಿ ಅಂತೂ ಆರ್‌ಸಿಸಿ ಹಾಕಿಸಿದ್ವಿ. ನಮ್ಮ ಕೇರಿಯಲ್ಲಿ ಮನೆ ಅಂದ್ರೆ ಸೈಟಿನ ಅಂಚಿಂದ ಅಂಚಿಗೆ ಗೋಡೆ. ಜಾಗ ಬಿಡೋದು ಅಂದ್ರೆ ಶ್ರೀಮಂತರ ಮಾತು. ಆದ್ರೂ ನಾನು ಹಠ ಹಿಡಿದು ಮುಂದೆ ಹತ್ತಡಿ, ಪಕ್ಕದಲ್ಲಿ ಆರಡಿ, ಹಿಂದೆ ಬಚ್ಚಲ ಹತ್ರ ಒಂದಿಷ್ಟು ಜಾಗ ಬಿಡಿಸಿದೆ. ಮೇಸ್ತ್ರಿ ನಕ್ಕ. "ಇನ್ನೊಂದು ರೂಮು ಬರೋದು ಸಾರ್, ಬಾಡಿಗೆಗೆ ಕೊಡಬೋದಿತ್ತು" ಅಂದ.

ಗೃಹಪ್ರವೇಶ ಆದ ಮೇಲೆ ಪರಿಚಯದವರೊಬ್ಬರು ಒಬ್ಬ ಲ್ಯಾಂಡ್‌ಸ್ಕೇಪಿಂಗ್ ಹುಡುಗನನ್ನ ಕಳಿಸಿದ್ರು. ಅವನು ಟೇಪ್ ಹಿಡಿದು ಅಳೆದು, ಮೊಬೈಲಲ್ಲಿ ಫೋಟೋ ತೋರಿಸಿದ. ಮೆಕ್ಸಿಕನ್ ಹುಲ್ಲು, ಎರಡು ಪಾಮ್ ಗಿಡ, ಬಿಳಿ ಕಲ್ಲು, ಗೇಟಿನ ಹತ್ರ ಬೋಗನ್‌ವಿಲ್ಲಾ. ಒಟ್ಟು 45 ಸಾವಿರ. ಹುಲ್ಲಿಗೆ ದಿನಾ ನೀರು ಹಾಕಬೇಕು ಅಂದ. ನಮ್ಮ ಕಾಲೋನಿಗೆ ಬೇಸಿಗೇಲಿ ಮೂರು ದಿನಕ್ಕೊಂದ್ಸಲ ನೀರು ಬಿಡ್ತಾರೆ. ಅವ್ವ ಪಕ್ಕದಲ್ಲೇ ನಿಂತು ಎಲ್ಲಾ ಕೇಳಿಸ್ಕೊಂಡು, "ತಿನ್ನಾಕಾಗ್ದೇ ಇರೋ ಹುಲ್ಲಿಗೆ ಬಿಂದಿಗೆ ನೀರು ಹುಯ್ಯೋಕೆ ನಮ್ಮನೇಲಿ ದನಾನೂ ಇಲ್ವಲ್ಲಪ್ಪಾ" ಅಂದ್ಲು. ಹುಡುಗ ಟೀ ಕುಡಿದು ಹೋದ.

ನನಗೆ ಆ ಫೋಟೋ ನೋಡ್ತಾ ಬೇರೆ ಏನೋ ನೆನಪಾಯ್ತು. ಡಿಗ್ರಿ ಓದುವಾಗ ಭಾನುವಾರ ನಾನು ಕೂಲಿಗೆ ಹೋಗ್ತಿದ್ದೆ. ಕನಕಪುರ ರಸ್ತೆ ಕಡೆ ಆಗ ತಾನೇ ಫಾರ್ಮ್‌ಹೌಸ್‌ಗಳು ಏಳ್ತಿದ್ವು. ನಮ್ಮ ಕೆಲಸ ಏನು ಅಂದ್ರೆ "ಗಿಡಗಂಟಿ ಕ್ಲೀನ್" ಮಾಡೋದು. ತಂಗಡಿ, ಬಂದ್ರೆ, ಲಕ್ಕಿ, ಕಾರೆ, ಕವಳೆ, ಎಲ್ಲಾನೂ ಬುಡಸಮೇತ ಕಿತ್ತು ರಾಶಿ ಹಾಕಿ ಬೆಂಕಿ ಕೊಡ್ತಿದ್ವಿ. ಅದರ ಮೇಲೆ ಕೆಂಪುಮಣ್ಣು ಹರಡಿ ಹುಲ್ಲಿನ ಚಾಪೆ ಹಾಸ್ತಿದ್ರು. ಕಾರೆ ಮುಳ್ಳು ಚುಚ್ಚಿದ ಗುರುತು ಇವತ್ತಿಗೂ ನನ್ನ ಎಡಗೈ ಮೇಲಿದೆ. ಮೊನ್ನೆ ಬೆಂಗಳೂರಿನ ಒಂದು ನರ್ಸರಿಗೆ ಹೋದ್ರೆ ಅದೇ ತಂಗಡಿ, ಕಪ್ಪು ಕವರಿನಲ್ಲಿ, "ನೇಟಿವ್" ಅಂತ ಬೋರ್ಡು, ಒಂದಕ್ಕೆ 180 ರೂಪಾಯಿ. ಕೀಳೋಕೂ ನಮಗೆ ಕೂಲಿ ಕೊಟ್ರು, ಈಗ ನೆಡೋಕೂ ನಮ್ಮ ಹುಡುಗರಿಗೇ ಕೂಲಿ ಕೊಡ್ತಾರೆ. ಗಿಡದ ಬೆಲೆ ಏರಿದೆ, ಕೂಲಿಯವನು ಅಲ್ಲೇ ಇದ್ದಾನೆ.

ಆದ್ರೂ ಎರಡು ತಂಗಡಿ ಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಹಳದಿ ಹೂವು ಅಂದ್ರೆ ನನಗೆ ಚಿಕ್ಕಂದಿನಿಂದ ಇಷ್ಟ. ರಾಮದೇವರ ಬೆಟ್ಟದ ಕಡೆ, ಹಂದಿಗುಂದಿ ಕಡೆ ರಸ್ತೆ ಬದೀಲಿ ಬಂಡೆ ಸಂದೀಲೂ ಬೆಳೀತದೆ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ಮೇಕೆಯೂ ಅಷ್ಟಾಗಿ ಬಾಯಿ ಹಾಕಲ್ಲ. ಗೇಟಿನ ಎರಡೂ ಕಡೆ ಗುಂಡಿ ತೆಗೆದು ನೆಟ್ಟೆ. ಮನಸ್ಸಿನಲ್ಲೇ ಒಂದು ಪ್ಲಾನ್ ಇತ್ತು. ಇಡೀ ಜಾಗದಲ್ಲಿ ನಮ್ಮ ಸೀಮೆಯ ಗಿಡಗಳೇ ಇರಬೇಕು ಅಂತ.

ಸಂಜೆ ಅಪ್ಪ ಟೀ ಅಂಗಡಿಯಿಂದ ಬಂತು. ಗೇಟಿನ ಹತ್ರ ನಿಂತು ಗಿಡ ನೋಡ್ತು. ಎಲೆ ಮುಟ್ಟಲಿಲ್ಲ. "ಯಾರ್ಲಾ ತಂದಿದ್ದು ಇದ್ನ?" ಅಂತು. ನಾನೇ ಅಂದೆ. "ಕಿತ್ತಾಕು. ಮನೆ ಮುಂದೆ ಬ್ಯಾಡ."

ನಾನು ವಾದ ಮಾಡಿದೆ. ಅಪ್ಪ ಮಾತಾಡಲಿಲ್ಲ, ಒಳಗೆ ಹೋಗಿ ಮಲಗ್ತು. ರಾತ್ರಿ ಊಟಕ್ಕೂ ಏಳಲಿಲ್ಲ. ಎರಡು ದಿನ ಮಾತಿಲ್ಲ. ಮೂರನೇ ದಿನ ತಾನಾಗೇ ಜಗಲಿ ಮೇಲೆ ಕೂರಿಸ್ಕೊಂಡು ಹೇಳ್ತು. 74 ವರ್ಷದ ಅಪ್ಪ ನನಗೆ ಈ ಕತೆ ಒಟ್ಟಿಗೆ ಹೇಳಿದ್ದು ಇದೇ ಮೊದಲು. ಹಿಂದೆ ಚೂರುಚೂರು ಗೊತ್ತಿತ್ತು, ಅಷ್ಟೇ.

ನಾವು ಮಾದಿಗರು. ನಮ್ಮ ತಾತ ಚರ್ಮ ಹದ ಮಾಡ್ತಿದ್ದವನು. ಊರಲ್ಲಿ ದನ ಸತ್ತರೆ ಹೇಳಿಕಳಿಸ್ತಿದ್ರು. ಎಳ್ಕೊಂಡು ಹೋಗಿ, ಸುಲಿದು, ಚರ್ಮವನ್ನ ಸುಣ್ಣದ ಗುಂಡೀಲಿ ದಿನಗಟ್ಟಲೆ ನೆನೆಹಾಕಿ ಕೂದಲು ಹೆರೀಬೇಕು. ಆಮೇಲೆ ತಂಗಡಿ ಚಕ್ಕೆ. ತಂಗಡಿಯ ತೊಗಟೇಲಿ ಒಗರು ಇರ್ತದೆ. ಆ ಒಗರೇ ಹಸಿ ಚರ್ಮವನ್ನ ಕೊಳೆಯದ ಹಾಗೆ ಕಟ್ಟಿಹಾಕಿ ಹದಕ್ಕೆ ತರೋದು. ಚಕ್ಕೆ ಜಜ್ಜಿ ನೀರಲ್ಲಿ ಹಾಕಿ, ಚರ್ಮವನ್ನೇ ಚೀಲದ ಹಾಗೆ ಹೊಲಿದು, ಒಳಗೆ ಆ ರಸ ತುಂಬಿ ಮರಕ್ಕೆ ನೇತುಹಾಕ್ತಿದ್ರು. ತೊಟ್ಟಿಕ್ಕಿದ ರಸವನ್ನ ಹಿಡಿದು ಮತ್ತೆ ಮತ್ತೆ ತುಂಬಬೇಕು. ಇಂಗ್ಲಿಷಿನಲ್ಲಿ ಈ ಗಿಡಕ್ಕೆ ಇಟ್ಟಿರೋ ಹೆಸರೇ ಚರ್ಮ ಹದ ಮಾಡೋರ ಗಿಡ ಅಂತ, "ಟ್ಯಾನರ್ಸ್ ಕ್ಯಾಸಿಯಾ". ನರ್ಸರಿ ಬೋರ್ಡಿನಲ್ಲಿ ಆ ಹೆಸರೂ ಇತ್ತು. ಆ ಟ್ಯಾನರ್ ಯಾರು ಅಂತ ಮಾತ್ರ ಬರೆದಿರಲಿಲ್ಲ.

ಬೆಟ್ಟದಿಂದ ತಂಗಡಿ ಕಡಿದು ಹೊರೆ ಹೊತ್ಕೊಂಡು ಬರೋದು, ತೊಗಟೆ ಸುಲಿಯೋದು ಅಪ್ಪನ ಕೆಲಸ. ಎಂಟೊಂಬತ್ತು ವರ್ಷದ ಹುಡುಗ. ಬೆಳಗ್ಗೆ ಚಕ್ಕೆ ಜಜ್ಜಿ ಆಮೇಲೆ ಸ್ಕೂಲಿಗೆ. "ಕೈ ಕಂದು ಬಣ್ಣಕ್ಕೆ ತಿರುಗ್ತಿತ್ತು ಕಣ್ಲಾ. ತಿಕ್ಕಿದ್ರೂ ಹೋಗ್ತಿರ್ಲಿಲ್ಲ. ಸುಣ್ಣದ ಗುಂಡಿ ವಾಸ್ನೆ ಬೇರೆ. ಬಾಗ್ಲಲ್ಲಿ ಕೂರಿಸ್ತಿದ್ರು. ನಾನು ಯಾರ ಮಗ ಅಂತ ಯಾರೂ ಕೇಳೋ ಹಂಗೇ ಇರ್ಲಿಲ್ಲ, ಕೈ ನೋಡಿದ್ರೆ ಸಾಕಿತ್ತು." ನಾಲ್ಕನೇ ಕ್ಲಾಸಿಗೇ ಅಪ್ಪ ಸ್ಕೂಲು ಬಿಡ್ತು.

ಆಮೇಲೆ ಅಪ್ಪ ಇನ್ನೊಂದು ಮಾತು ಹೇಳ್ತು. ತಾತ ಹದ ಮಾಡಿದ ಚರ್ಮದಲ್ಲೇ ಊರಿನ ಕಪಿಲೆ ಬಾವಿಗಳ ಚೀಲ, ಮಿಣಿ ಎಲ್ಲಾ ಆಗ್ತಿದ್ದಿದ್ದು. ಎತ್ತು ಕಟ್ಟಿ ಇಳಿಜಾರಲ್ಲಿ ಎಳೆದ್ರೆ ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಮೇಲಕ್ಕೆ ಬರೋದು. ಆ ನೀರಲ್ಲೇ ತೆಂಗು, ಬಾಳೆ, ವೀಳ್ಯದೆಲೆ. ಆ ನೀರನ್ನೇ ಅವರು ಕುಡೀತಿದ್ರು ಕೂಡ. "ನಮ್ಮಪ್ಪ ಹೊಲ್ದ ಚೀಲ ದಿನಾ ಬಾವಿ ಒಳಕ್ಕೆ ಇಳೀತಿತ್ತು. ನಮ್ಮಪ್ಪ ಬಾವಿ ಕಟ್ಟೆ ಹತ್ತಂಗಿರ್ಲಿಲ್ಲ." ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡ್‌ನ ಕೆರೆ ನೀರು ಮುಟ್ಟಿದ್ದರ ಬಗ್ಗೆ ನಾನು ಎಷ್ಟೋ ವೇದಿಕೆ ಮೇಲೆ ಭಾಷಣ ಮಾಡಿದ್ದೀನಿ. ನಮ್ಮೂರಿನ ಬಾವಿಯ ಈ ಲೆಕ್ಕ ನನಗೆ ಗೊತ್ತೇ ಇರಲಿಲ್ಲ.

ಈಗ ಗೇಟಿನ ಎರಡೂ ಕಡೆ ತಂಗಡಿ ಇಟ್ಟರೆ ಅಪ್ಪನಿಗೆ ಹೇಗೆ ಕಾಣ್ತದೆ? "ನಮ್ ಕಸುಬಿನ ಬೋರ್ಡ್ ತಗುಲಾಕ್ದಂಗೆ ಕಣ್ಲಾ. ಅದ್ರಿಂದ ಈಚೆಗೆ ಬರೋಕೆ ನಮ್ಮಪ್ಪ, ನಾನು ಎಷ್ಟ್ ಪಾಡು ಬಿದ್ವಿ."

ಇದನ್ನ ಅಜ್ಞಾನ ಅಂತ ನಾನು ಹೇಳಲಾರೆ. ಸತ್ತ ದನ ಎಳೆಯೋದು ಬಿಡಿ, ಅದರ ಮಾಂಸ ಬಿಡಿ ಅಂತ ಬಾಬಾಸಾಹೇಬರು ಕರೆ ಕೊಟ್ಟರು. ನಮ್ಮ ಕಡೆ ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಕೇರಿಕೇರಿಯಲ್ಲಿ ಹಿರಿಯರು ಆಣೆ ಮಾಡಿ ಬಿಟ್ಟರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲೀತಿದ್ದ ನಮ್ಮ ಹುಡುಗರನ್ನ ಕಟ್ಟಿಹಾಕಿ ಹೊಡೆದಾಗ, ಅಲ್ಲಿನ ದಲಿತರು ಸತ್ತ ದನಗಳನ್ನ ಸರ್ಕಾರಿ ಕಚೇರಿ ಮುಂದೆ ತಂದು ಹಾಕಿ ನೀವೇ ಎತ್ಕೊಳ್ಳಿ ಅಂದ್ರು. ಆ ಕೆಲಸ ಬಿಟ್ಟಿದ್ದು ನಮ್ಮ ಗೆಲುವು. ಅಪ್ಪ ತಂಗಡಿ ಬೇಡ ಅಂದಿದ್ದೂ ಆ ಗೆಲುವಿನ ಭಾಗವೇ. ಮಗ ನಾಲ್ಕು ಪರಿಸರದ ಪುಸ್ತಕ ಓದಿ ಬಂದು "ಅಪ್ಪಾ, ಇದು ದೇಶಿ ಗಿಡ" ಅಂತ ಪಾಠ ಹೇಳಿದ್ರೆ ಅವರಿಗೆ ಹೇಗಾಗಬೇಡ.

ಅದೇ ತಂಗಡಿ ಪಕ್ಕದ ತೆಲಂಗಾಣದಲ್ಲಿ ರಾಜ್ಯದ ಹೂವು. ಬತುಕಮ್ಮ ಹಬ್ಬದಲ್ಲಿ ಹೆಂಗಸರು ಅದನ್ನ ತಟ್ಟೆಯಲ್ಲಿ ಗೋಪುರದ ಹಾಗೆ ಜೋಡಿಸಿ ಸುತ್ತ ಹಾಡು ಹೇಳ್ತಾರೆ. ಗಿಡದಲ್ಲಿ ದೋಷ ಇಲ್ಲ ಅಂತ ಅಪ್ಪನಿಗೂ ಗೊತ್ತು. ಆದ್ರೆ ಗಿಡದ ಜೊತೆ ಏನೇನು ಅಂಟಿಕೊಂಡಿದೆ ಅನ್ನೋದು ಹೊತ್ತವರಿಗೆ ಮಾತ್ರ ಗೊತ್ತಿರ್ತದೆ.

ಇದೇ ಹೊತ್ತಲ್ಲಿ ಇನ್ನೊಂದು ವಿಷಯ ಹೇಳ್ಬೇಕು. ನಮ್ಮ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮ ಆಯ್ತು. ಹದ್ದು ಯಾಕೆ ಕಮ್ಮಿ ಆದ್ವು ಅಂತ ಕೇಳಿದ್ರೆ ಡೈಕ್ಲೋಫಿನಾಕ್ ಅನ್ನೋ ನೋವಿನ ಔಷಧಿ ಅಂತಾರೆ, ಅದು ನಿಜ. ಆ ಔಷಧಿ ಕೊಟ್ಟಿದ್ದ ದನ ಸತ್ತಾಗ ಅದನ್ನ ತಿಂದ ಹದ್ದಿನ ಮೂತ್ರಪಿಂಡ ಕೆಡ್ತದೆ. 2006ರಲ್ಲಿ ದನಗಳಿಗೆ ಅದನ್ನ ಕೊಡಬಾರದು ಅಂತ ನಿಷೇಧ ಬಂತು. ಆದ್ರೆ ಅಪ್ಪ ಹೇಳೋ ಚಿತ್ರ ಬೇರೆ. ತಾತ ಚರ್ಮ ಸುಲಿದು ಎದ್ದು ಈಚೆಗೆ ಬಂದ ತಕ್ಷಣ ಬೆಟ್ಟದಿಂದ ಹದ್ದು ಇಳೀತಿದ್ವಂತೆ. ಸುಲಿಯೋವರೆಗೂ ಬಂಡೆ ಮೇಲೆ ಸಾಲಾಗಿ ಕೂತು ಕಾಯ್ತಿದ್ವಂತೆ. ಊರು ಕೊಳೆಯದೆ ಇದ್ದಿದ್ದು ಈ ಇಬ್ಬರಿಂದ. ಹದ್ದಿಗೆ ಈಗ ಧಾಮ ಇದೆ, ಬೋರ್ಡಿದೆ. ಜೊತೆಗೆ ಕೆಲಸ ಮಾಡಿದ ಮನುಷ್ಯನ ಹೆಸರು ಯಾವ ಬೋರ್ಡಿನಲ್ಲೂ ನಾನು ಕಂಡಿಲ್ಲ.

ಇನ್ನು ಅವ್ವನ ಕಡೆ ಬರ್ತೀನಿ. ಅವ್ವನಿಗೆ ತೋಟ ಅಂದ್ರೆ ಸೊಪ್ಪು. ನಮ್ಮ ಕಡೆ ಬೆರಕೆ ಸೊಪ್ಪಿನ ಸಾರು ಗೊತ್ತಲ್ಲ? ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ, ಕೀರೆ, ನುಗ್ಗೆ ಚಿಗುರು. ಸಿಕ್ಕಿದ್ದೆಲ್ಲಾ ಒಟ್ಟಿಗೆ ಬೇಯಿಸಿ ಬಸಿದು ಮುದ್ದೆ ಜೊತೆ. ಈಗ ಬೆಂಗಳೂರಿನ ಹೋಟೆಲಲ್ಲಿ ಅದು "ನಾಟಿ ಊಟ". ನಮ್ಮ ಮನೇಲಿ ಅದು ಬೇಳೆ ತರೋಕೆ ಕಾಸಿಲ್ಲದ ದಿನದ ಊಟ. ಅವ್ವ ಈ ಸೊಪ್ಪಿಗೆ ಹೆಚ್ಚಾಗಿ ಹೋಗ್ತಿದ್ದಿದ್ದು ಹಿಪ್ಪುನೇರಳೆ ತೋಟಗಳಿಗೆ. ಕಾರಣ ಇದೆ. ರೇಷ್ಮೆ ಹುಳ ಸಾಯ್ತವೆ ಅಂತ ಆ ತೋಟಕ್ಕೆ ಕೀಟನಾಶಕ ಹೊಡೆಯೋಕೆ ಹೆದರ್ತಾರೆ, ಅಲ್ಲಿನ ಸೊಪ್ಪು ತಿಂದ್ರೆ ಭಯ ಇಲ್ಲ. ಪುಸ್ತಕ ಓದದ ಅವ್ವ ಇದನ್ನ ಲೆಕ್ಕ ಹಾಕಿದ್ದಳು.

ಆದ್ರೆ ತೋಟ ನಮ್ಮದಲ್ಲವಲ್ಲ. ಒಂದು ದಿನ ನಾನೂ ಜೊತೇಲಿದ್ದೆ, ಆರನೇ ಕ್ಲಾಸು. ತೋಟದವನು ಬಂದು ಬದದ ಮೇಲೆ ನಿಂತು ಬೈದ. ಏನಂತ ಬೈದ ಅಂತ ಇಲ್ಲಿ ಬರೆಯಲ್ಲ, ನಿಮಗೆಲ್ಲಾ ಗೊತ್ತಿರೋ ಮಾತುಗಳೇ. ಕಳೆ ಅಂತ ಅವನೇ ಕಿತ್ತು ಬಿಸಾಕೋ ಗಿಡ ಅದು. ಅವ್ವ ಮಡಿಲಲ್ಲಿದ್ದ ಸೊಪ್ಪನ್ನ ಅಲ್ಲೇ ಸುರಿದು, ನನ್ನ ಕೈ ಹಿಡ್ಕೊಂಡು ಬಂದ್ಲು. ಆ ರಾತ್ರಿ ಉಪ್ಪು ಮೆಣಸಿನಕಾಯಿ ಗೊಜ್ಜಲ್ಲಿ ಮುದ್ದೆ ತಿಂದಿದ್ವಿ.

ಹಾಗಾಗಿ ಪಕ್ಕದ ಆರಡಿ ಜಾಗ ಪೂರ್ತಿ ಅವ್ವನಿಗೆ ಬಿಟ್ಟೆ. ಬೀಜ ಕೊಂಡಿಲ್ಲ. ನೆಂಟರ ಹೊಲದ ಮಣ್ಣು ಎರಡು ಚೀಲ ತಂದು ಹರಡಿದ್ವಿ. ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಅಣ್ಣೆ, ಗೋಣಿ, ಕೀರೆ ತಾವಾಗೇ ಎದ್ವು. ಬಚ್ಚಲ ನೀರು ಹರಿಯೋ ಕಡೆ ಬಾಳೆ, ಕೆಸ. ಪಾತ್ರೆ ತೊಳೆದ ಹಿಂಡಿ ನೀರಿಲ್ಲದ ಕಡೆ, ನೆರಳಲ್ಲಿ ಹೊನಗೊನೆ, ಒಂದೆಲಗ. ಕಾಂಪೌಂಡಿಗೆ ಕಾಸಿರಲಿಲ್ಲ, ಹಿಂದುಗಡೆ ಬೇಲಿಗೆ ಆಡುಸೋಗೆ, ಲಕ್ಕಿ ಕಡ್ಡಿ ಊರಿದ್ವಿ. ಆಡುಸೋಗೆಯನ್ನ ಆಡೂ ಮುಟ್ಟಲ್ಲ, ಕಡ್ಡಿ ಊರಿದ್ರೆ ಸಾಕು ಚಿಗುರ್ತದೆ. ಒಟ್ಟು ಖರ್ಚು ಆಟೋ ಬಾಡಿಗೆ ಸೇರಿ 900 ರೂಪಾಯಿ. ಅವ್ವ ಈಗ ಸೊಪ್ಪಿಗೆ ಯಾರ ಬದವನ್ನೂ ತುಳಿಯಲ್ಲ. ನನಗೆ ಈ ತೋಟದಲ್ಲಿ ಎಲ್ಲಕ್ಕಿಂತ ದೊಡ್ಡದು ಇದು. ಸ್ವಾಭಿಮಾನ ಅಂತ ನಾವು ಬ್ಯಾನರಿನಲ್ಲಿ ಬರೀತೀವಲ್ಲ, ಅದು ಆರಡಿ ಅಗಲ ಇದ್ರೂ ಸಾಕು.

ಈಗ ನನ್ನದೇ ತಲೆಯೊಳಗಿನ ಒಂದು ಹುಳುಕಿನ ಬಗ್ಗೆ. "ಇಡೀ ತೋಟದಲ್ಲಿ ನಮ್ಮ ಮಣ್ಣಿನ ಗಿಡಗಳೇ ಇರಬೇಕು, ಹೊರಗಿಂದು ಒಂದೂ ಬೇಡ" ಅಂತ ಶುರುಮಾಡಿದ್ದೆ ಅಲ್ವಾ. ಒಂದು ದಿನ ಈ ಮಾತು ನನ್ನ ಕಿವಿಗೇ ಬೇರೆ ಥರ ಕೇಳಿಸ್ತು. ಶುದ್ಧ, ಮೂಲ, ಹೊರಗಿನದು, ಒಳಗಿನದು. ಈ ಪದಗಳನ್ನ ನಮ್ಮ ಮೇಲೆ ಯಾರು ಯಾರು ಹೇಗೆ ಬಳಸಿದ್ದಾರೆ ಅಂತ ನಮಗೆ ಗೊತ್ತಿಲ್ವಾ? ನಾವು ಉಣ್ಣೋ ರಾಗಿ, ಹುಳಿಗೆ ಹಾಕೋ ಹುಣಸೆ, ಎರಡೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವು. ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ಅಮೆರಿಕದ್ದು. ನಮ್ಮ ರಾಮನಗರಕ್ಕೆ ಅನ್ನ ಹಾಕ್ತಿರೋ ರೇಷ್ಮೆ, ಟಿಪ್ಪು ಬೆಳೆಸಿದ ಕಸುಬು. ಬಂದವರೆಲ್ಲಾ ಕೆಟ್ಟವರಲ್ಲ.

ಹಾಗಂತ ಎಲ್ಲಾ ಒಂದೇ ಅಲ್ಲ. ಲಂಟಾನ ನೋಡಿ. ಬ್ರಿಟಿಷರು ಬಂಗಲೆ ತೋಟದ ಅಂದಕ್ಕೆ ಅಂತ ತಂದಿದ್ದು, ಇವತ್ತು ಕಾಡಿಗೆ ಕಾಡನ್ನೇ ನುಂಗಿದೆ. ಅದರ ಕೆಳಗೆ ಹುಲ್ಲು ಬೆಳೆಯಲ್ಲ, ದನ ಮೇಯಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದನ್ನೇ ಕಡಿದು ಕುರ್ಚಿ ಮೇಜು ಮಾಡ್ತಾ ಬದುಕ್ತಿದ್ದಾರೆ. ನೀಲಗಿರಿ ನಮ್ಮ ಗೋಮಾಳ, ಗುಂಡುತೋಪುಗಳನ್ನ ತಿಂತು. ಹಾಗಾಗಿ ನಾನು ಈಗ ಗಿಡವನ್ನ ಕೇಳೋ ಪ್ರಶ್ನೆ ಬದಲಾಗಿದೆ. ನೀನು ಎಲ್ಲಿಂದ ಬಂದೆ ಅಂತಲ್ಲ. ಪಕ್ಕದವರಿಗೆ ಬದುಕೋಕೆ ಜಾಗ ಬಿಡ್ತೀಯಾ ಇಲ್ವಾ ಅಂತ.

ಮುಂದಿನ ಹತ್ತಡಿ ಏನಾಯ್ತು ಅಂತ ಕೇಳಬಹುದು. ಅಪ್ಪನನ್ನೇ ಕೇಳಿದೆ, ನಿಂಗೇನು ಬೇಕು ಅಂತ. "ಗುಲಾಬಿ" ಅಂತು. ನನಗೆ ನಗು ಬಂತು, ಆಮೇಲೆ ನಗಲಿಲ್ಲ. ಚಿಕ್ಕಂದಿನಲ್ಲಿ ಯಜಮಾನರ ಮನೆ ಅಂಗಳದಲ್ಲಿ ಗುಲಾಬಿ ಇತ್ತಂತೆ. ದೂರದಿಂದ ನೀರು ಎರಚಬೇಕು, ಮುಟ್ಟಂಗಿಲ್ಲ. ಆ ಬಣ್ಣವೇ ಬೇಕು ಅಂತು, ತೆಳು ಕೆಂಪು. ಮೂರು ನರ್ಸರಿ ಸುತ್ತಿ ತಂದ್ವಿ. ಹಾಗಾಗಿ ನನ್ನ ದೇಶಿ ತೋಟದ ಮುಂಬಾಗಿಲಲ್ಲಿ ಮೂರು ಗುಲಾಬಿ ಇವೆ. ಇರಲಿ. ದಿನಾ ಬೆಳಗ್ಗೆ ಅಪ್ಪ ಅದಕ್ಕೆ ಹತ್ತಿರದಿಂದ, ಬುಡಕ್ಕೇ ನೀರು ಹಾಕ್ತು.

ತಂಗಡಿಗಳನ್ನ ಗೇಟಿಂದ ಕಿತ್ತು ಹಿಂದುಗಡೆ ಬಚ್ಚಲ ಹತ್ರ ನೆಟ್ಟೆ. ಅಪ್ಪ ನೋಡಿದ್ದೇ, "ಅಲ್ಲಾಕಿ ಸಾಯಿಸ್ತೀಯಾ? ತಂಗಡಿಗೆ ನೀರು ನಿಂತ್ರೆ ಆಗಲ್ಲ ಕಣ್ಲಾ" ಅಂತು. ತಾನೇ ಜಾಗ ತೋರಿಸ್ತು, ಮೂಲೇಲಿ, ಕಲ್ಲು ಮಣ್ಣು ಬಿಸಿಲು ಇರೋ ಕಡೆ. ಅಲ್ಲಿಗೆ ಹೋಗೋ ಹೊತ್ತಿಗೆ ಒಂದು ಸತ್ತೇ ಹೋಯ್ತು, ಎರಡು ಸಲ ಬೇರು ಅಲುಗಿತ್ತಲ್ಲ. ಇನ್ನೊಂದು ಹಿಡ್ಕೊಂಡಿದೆ. ಸತ್ತದ್ದರ ಬದಲಿಗೆ ಬೀಜ ಹಾಕೋಣ ಅಂತ ರಸ್ತೆ ಬದಿಯ ಗಿಡದಿಂದ ಒಣಗಿದ ಕಾಯಿ ತಂದೆ. "ಸುಮ್ನೆ ಹಾಕಿದ್ರೆ ಏಳಲ್ಲ, ಸಿಪ್ಪೆ ಗಟ್ಟಿ. ಬಿಸಿನೀರಲ್ಲಿ ಹಾಕಿ ರಾತ್ರಿಯೆಲ್ಲಾ ಬಿಡು" ಅಂತು ಅಪ್ಪ. ಹಾಗೇ ಮಾಡಿದೆ. ಎಂಟು ಎದ್ದಿವೆ.

ಈ ಸಲ ಆ ಒಂದು ಗಿಡ ಹೂ ಬಿಡ್ತು. ಬೆಳಗ್ಗೆ ದೊಡ್ಡ ಕಪ್ಪು ದುಂಬಿಗಳು ಬಂದು ಹೂವನ್ನ ಅಪ್ಪಿ ಹಿಡಿದು ಜುಂಯ್ ಅಂತ ಮೈ ನಡುಗಿಸ್ತವೆ. ಹಾಗೆ ನಡುಗಿಸಿದ್ರೇನೇ ಪರಾಗ ಉದುರೋದು. ಹಳದಿ ಚಿಟ್ಟೆಗಳು ಎಲೆ ಮೇಲೆ ಮೊಟ್ಟೆ ಇಡ್ತವೆ, ಹುಳ ಎಲೆ ತಿಂತವೆ, ತಿನ್ನಲಿ ಅಂತ ಬಿಟ್ಟಿದ್ದೀವಿ. ನನ್ನ ಮಗಳು ಐದನೇ ಕ್ಲಾಸು, ಅಪ್ಪನ ಪಕ್ಕ ಕೂತು ನೋಟ್‌ಬುಕ್ಕಲ್ಲಿ ಗಿಡದ ಹೆಸರು ಬರ್ಕೋತಾಳೆ. ಅಪ್ಪ ಹೇಳ್ತು, ಅವಳು ಬರೀತಾಳೆ. ಇದುವರೆಗೆ 61 ಹೆಸರಾಗಿವೆ. ಯಾವುದು ಯಾವಾಗ ಹೂ ಬಿಡ್ತದೆ, ಯಾವುದರ ತೊಗಟೆ ಯಾವುದಕ್ಕೆ, ಯಾವ ಸೊಪ್ಪನ್ನ ಯಾವಾಗ ತಿನ್ನಬಾರದು. ತಂಗಡಿ ಹೆಸರು ಬಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚರ್ಮ ಹದ ಮಾಡಾಕೆ ಅಂತ ಬರ್ಕೊ ಮಗಾ. ನಿಮ್ ಮುತ್ತಾತ ಮಾಡ್ತಿದ್ದ ಅಂತ್ಲೂ ಬರ್ಕೊ" ಅಂತು. ಅವಳು ಬರ್ಕೊಂಡ್ಲು. ಮುಂದಿನ ಗಿಡ ಯಾವುದು ತಾತ ಅಂತ ಕೇಳಿದ್ಲು.

ಗೆಳೆಯರೇ, ಇಷ್ಟು ಬರೆದಿದ್ದಕ್ಕೆ ಕಾರಣ ಇದೆ. ಕೆಲವು ಮಾತು ನೇರವಾಗಿ ಹೇಳ್ತೀನಿ.

ಒಂದು. ನಿಮ್ಮ ಕೇರಿಯ ಹಿರಿಯರ ಹತ್ರ ಕೂತು ಗಿಡಗಳ ಹೆಸರು ಬರೆಸಿ. ಕಸುಬಿನ ಹೀನಾಯ ಬಿಟ್ಟು ಬಂದಿದ್ದೀವಿ, ಆದ್ರೆ ಅದರ ಜೊತೆಗಿದ್ದ ತಿಳುವಳಿಕೆ ನಮ್ಮದು. ನಾಳೆ ಅದನ್ನ ಬೇರೆ ಯಾರೋ ಪುಸ್ತಕ ಮಾಡಿ ನಮಗೇ ಮಾರ್ತಾರೆ. ಬರೆಸುವಾಗ ಅವರ ನೋವನ್ನೂ ಕೇಳಿ. ನನ್ನ ಹಾಗೆ ಮೊದಲು ಗಿಡ ನೆಟ್ಟು ಆಮೇಲೆ ಕೇಳಬೇಡಿ.

ಎರಡು. ವಸತಿ ಯೋಜನೆಯ ಸೈಟು ಕೇಳುವಾಗ ಬರೀ ಮನೆ ಅಂತ ಕೇಳಬೇಡಿ, ಹಿತ್ತಲನ್ನೂ ಕೇಳೋಣ. ಮಂಚ ಇಟ್ಟರೆ ಕಾಲು ಚಾಚೋಕಾಗದ ಸೈಟು ಕೊಟ್ಟು, ಆಮೇಲೆ ಅಪೌಷ್ಟಿಕತೆ ಬಗ್ಗೆ ಶಿಬಿರ ಮಾಡ್ತಾರೆ. ನಾಲ್ಕು ಸೊಪ್ಪಿನ ಮಡಿಗೆ, ಒಂದು ನುಗ್ಗೆ ಮರಕ್ಕೆ ಜಾಗ ಬೇಕು ಅನ್ನೋದು ಐಷಾರಾಮ ಅಲ್ಲ. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು, 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಆಯ್ತು. ಹೆಸರು ಬದಲಾದಾಗೆಲ್ಲಾ ನೆಲದ ರೇಟು ಏರ್ತದೆ. ಗೋಮಾಳ, ಗುಂಡುತೋಪು ಉಳಿದಿರೋ ಕಡೆ ಸರ್ವೆ ನಂಬರ್ ಸಮೇತ ಈಗಲೇ ದಾಖಲೆ ತೆಗೆದಿಟ್ಕೊಳ್ಳಿ. 1978ರ ಪಿಟಿಸಿಎಲ್ ಕಾಯ್ದೆಯಡಿ ಬರೋ ಮಂಜೂರಾತಿ ಜಮೀನು ನಿಮ್ಮ ಮನೆತನದ್ದು ಇದ್ಯಾ ಅಂತ ಹಳೆ ಕಾಗದ ತೆಗೆದು ನೋಡಿ. ತೋಟದ ಮಾತು ಕೊನೆಗೆ ಭೂಮಿ ಮಾತೇ.

ಮೂರು. ಫಾರ್ಮ್‌ಹೌಸು, ರೆಸಾರ್ಟುಗಳಲ್ಲಿ ತೋಟದ ಕೆಲಸ ಮಾಡೋ ನಮ್ಮ ಹುಡುಗರು "ಹೆಲ್ಪರ್" ಅಲ್ಲ. ಯಾವ ಗಿಡ ಎಲ್ಲಿ ಬದುಕ್ತದೆ ಅಂತ ಗೊತ್ತಿರೋರು ಅವರೇ. ನಾಲ್ಕು ಜನ ಸೇರಿ ಸ್ವಂತ ನರ್ಸರಿ ಮಾಡೋದಾದ್ರೆ ನಮ್ಮ ಹಿತ್ತಲಿನ ಬೀಜ, ಕಡ್ಡಿ ಕೊಡೋಕೆ ನಾನು ತಯಾರು. ಅಪ್ಪನ ಪಾಠ ಉಚಿತ. ಆದ್ರೆ ಗುಲಾಬಿ ಮುಟ್ಟೋಕೆ ಬಿಡಲ್ಲ.

ಎಂಟು ತಂಗಡಿ ಸಸಿ ಇವೆ ಅಂದ್ನಲ್ಲ. ಎರಡು ನಮಗೆ. ಉಳಿದ ಆರು, ಕೈಲಾಂಚ ಕಡೆಯೋರು ಯಾರಾದ್ರೂ ಬಂದು ತಗೊಂಡು ಹೋಗಬಹುದು. ನೆಡೋಕೆ ಮುಂಚೆ ಮನೇಲಿ ಒಂದು ಮಾತು ಕೇಳ್ಕೊಂಡು ಬನ್ನಿ.

ಜೈ ಭೀಮ್.